ಷಡ್ಡಕ ಮಾರಿದ ಕಾರು, ಶಾಹೀನ್ ತೂಗಿದ ಕಾರು

ಬಿಳಿ ಕಾರಿಗೆ ನಾನು ಕೊಟ್ಟದ್ದು ಎರಡು ಲಕ್ಷ ಹತ್ತು ಸಾವಿರ. ಆ ವರ್ಷದ ಮಾಡೆಲ್, ಅಷ್ಟು ಕಿಲೋಮೀಟರ್ ಓಡಿದ ಗಾಡಿ, ಹೊರಗೆ ಯಾರ ಹತ್ತಿರ ಹೋದರೂ ಎರಡೂಮುಕ್ಕಾಲಕ್ಕೆ ಕಡಿಮೆ ಸಿಗುತ್ತಿರಲಿಲ್ಲ. ಅರವತ್ತೈದು ಸಾವಿರ ಯಾಕೆ ಇಳಿಯಿತೆಂದು ನಾನು ಕೇಳಲಿಲ್ಲ. ಬೇರೆಯವರಾಗಿದ್ದರೆ ಅದೊಂದೇ ಪ್ರಶ್ನೆಯನ್ನು ಹತ್ತು ಸಲ ತಿರುಗಿಸಿ ಕೇಳುತ್ತಿದ್ದೆ. ಕೊಟ್ಟವನು ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಹಾಗಾಗಿ ಇಳಿದದ್ದನ್ನೆಲ್ಲ ಪ್ರೀತಿ ಎಂದುಕೊಂಡೆ.

ಇದು ನೆನಪಾದದ್ದು ಹೋದ ವಾರ. ಹಿರೇಹಡಗಲಿಯ ಒಬ್ಬರು ಕೊಟ್ಟೂರಿನ ನನ್ನ ಅಂಗಳಕ್ಕೆ ಕಾರು ತಂದಿದ್ದರು. ಮೇಲೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಗ್ಗಿ ತಳ ನೋಡಿದರೆ ಹೊಸ ಕರಿಬಣ್ಣದ ವಾಸನೆ, ಡಾಂಬರಿಗೆ ಸೀಮೆಎಣ್ಣೆ ಕಲಸಿದಂಥದ್ದು, ಮೂಗಿಗೆ ಹೊಡೆಯಿತು. ತುಕ್ಕು ಹಿಡಿಯಬಾರದೆಂದು ಕಾರಿನ ತಳಕ್ಕೆ ಹೊಡೆಸುವ ಬಣ್ಣ ಅದು. ಹೊಸ ಕಾರಿಗೆ ಹೊಡೆಸಿದರೆ ಕಾಪಾಡುತ್ತದೆ. ಮಾರುವುದಕ್ಕೆ ಒಂದು ವಾರ ಮೊದಲು ಹಳೆಯ ಕಾರಿಗೆ ಹೊಡೆಸಿದರೆ ಮುಚ್ಚಿಡುತ್ತದೆ. "ಚಾ ಕುಡುದು ಹೋಗ್ರಿ. ಗಾಡಿ ನಮಗ ಬ್ಯಾಡ" ಎಂದೆ. ಅವರು ಹೋದರು. ವಾಸನೆ ಮಾತ್ರ ಹೋಗಲಿಲ್ಲ. ಮೂರು ವರ್ಷದ ಹಿಂದಿನ ಮುಂಗಾರು ಅದರ ಬೆನ್ನಿಗೆ ಬಂದು ಅಂಗಳದಲ್ಲಿ ನಿಂತುಕೊಂಡಿತು.

ನಾನು ಹಳೆಯ ಗಾಡಿ ಕೊಂಡು ಮಾರುವವನು. ಅಪ್ಪ ಎತ್ತಿನ ದಲ್ಲಾಳಿ. ಹಲ್ಲು ಎಣಿಸಿ ವಯಸ್ಸು ಹೇಳುತ್ತಿದ್ದ. ನಾನು ಒಂದು ಮುರುಕು ಮೊಪೆಡ್ಡಿನಿಂದ ಶುರುಮಾಡಿ, ಬೈಕು, ಆಟೊ ದಾಟಿ ಕಾರಿಗೆ ಬಂದೆ. ಕಾರಿನ ವ್ಯಾಪಾರ ಕಲಿಸಿದವನು ಹರಪನಹಳ್ಳಿಯ ಇದೇ ಷಡ್ಡಕ, ಗುರುಬಸಣ್ಣ. ಬಾಗಿಲು ಮುಚ್ಚುವ ಸದ್ದಿನಲ್ಲಿ ಪೆಟ್ಟು ಬಿದ್ದ ಬಾಡಿ ಗುರುತಿಸುವುದು, ಟೈರು ಯಾವ ಅಂಚಿಗೆ ಸವೆದಿದೆ ಎಂದು ನೋಡುವುದು, ಜಾಕ್ ಹಾಕದೆ ಯಾವ ಗಾಡಿಗೂ ಮುಂಗಡ ಕೊಡದಿರುವುದು, ಎಲ್ಲ ಅವನದೇ ಪಾಠ.

ಆ ಮೇ ತಿಂಗಳು ನಮ್ಮ ಗಿರಿಜಾಗೆ ಕಾರು ಬೇಕಾಯಿತು. ಗಿರಿಜಾ ನನ್ನ ಹೆಂಡತಿ, ಕೂಡ್ಲಿಗಿ ದಾರಿಯ ಒಂದು ಹಳ್ಳಿಯಲ್ಲಿ ಶಾಲೆಯ ಟೀಚರು. ಬಸ್ಸು ಒಂದು ತಪ್ಪಿದರೆ ಪ್ರಾರ್ಥನೆ ತಪ್ಪುತ್ತಿತ್ತು. ಹರಪನಹಳ್ಳಿಗೆ ಊಟಕ್ಕೆ ಹೋದಾಗ ಮಾತು ತೆಗೆದೆ. ಗುರುಬಸಣ್ಣ ಕೈ ತೊಳೆಯುತ್ತಲೇ ಬಿಳಿ ಕಾರಿನ ಕೀಲಿ ತಂದು ಗಿರಿಜಾಳ ತಟ್ಟೆಯ ಪಕ್ಕ ಇಟ್ಟ.

"ತಗಳಮ್ಮ. ಡಾಕ್ಟರ್ ಒಬ್ರು ಓಡ್ಸಿದ್ದು. ಹೂವಿನಂಗೈತೆ."

ನಾನು ಎದ್ದು ಅಂಗಳಕ್ಕೆ ಹೋಗಿ ಒಂದು ಸುತ್ತು ಬಂದೆ. ಬಗ್ಗುವುದರಲ್ಲಿದ್ದೆ. ಒಳಗಿಂದ ಅವನ ನಗು ಕೇಳಿಸಿತು.

"ಏನ್ಲೇ ಕೊಟ್ರೇಶಿ, ನನ್ನ ಗಾಡಿಗೂ ಜಾಕ್ ಹಾಕ್ತೀಯೇನು?"

ನಮ್ಮ ಕಡೆ ಬೀಗರ ಎತ್ತಿನ ಹಲ್ಲು ಎಣಿಸುವುದಿಲ್ಲ. ಅಪ್ಪ ಸಾವಿರ ಎತ್ತಿನ ಬಾಯಿ ತೆರೆಸಿದವನು, ನೆಂಟರ ಎತ್ತು ಬಂದರೆ ಮಾತ್ರ ಬೆನ್ನು ಸವರಿ ಹಗ್ಗ ಹಿಡಿದುಕೊಳ್ಳುತ್ತಿದ್ದ. ಎಣಿಸಿದರೆ ಎತ್ತಿನ ಮಾನವಲ್ಲ, ಕೊಟ್ಟವನ ಮಾನ ಹೋಗುತ್ತದೆ ಎನ್ನುತ್ತಿದ್ದ. ನಾನು ಸೊಂಟ ನೆಟ್ಟಗೆ ಮಾಡಿಕೊಂಡು ಒಳಗೆ ಬಂದು ಮಜ್ಜಿಗೆ ಕುಡಿದೆ. ಕಾರಿನ ತಳದಿಂದ ಕರಿಬಣ್ಣದ ವಾಸನೆ ಬಂದಿತ್ತು. "ಮಳೆಗಾಲ ಬಂತಲ್ಲ, ಹೊಡ್ಸಿದೀನಿ" ಎಂದ. ಎಷ್ಟು ಕಾಳಜಿ ಎಂದುಕೊಂಡೆ.

ಕೊಟ್ಟೂರಿನಲ್ಲಿ ನನ್ನ ಗಾಡಿಗಳ ರಿಪೇರಿ ನೋಡುವವನು ಖಾಜಾಸಾಬ್. ಅವನ ಮಗಳು ಶಾಹೀನ್ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಅಪ್ಪನ ಶೆಡ್ಡಿನ ಒಂದು ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದಳು. ಕಾರ್ ರೇಸಿನ ಆಟಗಳಿಗೆ ಕಾರು ಮಾಡಿಕೊಡುವುದು ಅವಳ ಕೆಲಸ. ಚಿತ್ರ ಬರೆಯುವ ಕೆಲಸ ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲವಂತೆ.

"ಕಾಕಾ, ಬರೇ ಆಟದಾಗ ಕಾರು ಅಂದ್ರ ಒಂದು ಬೆಂಕಿಪೊಟ್ಟಣ. ನಡುವ ಮೊಳಿ ಹೊಡದು ತಿರುವಿದಂಗ ತಿರುಗತೈತಿ. ನಾನು ಮಾಡೋದು ಬ್ಯಾರೆ. ನಿಜವಾದ ಕಾರು ನೆಲ ಮುಟ್ಟೋದು ಎಷ್ಟು? ಒಂದು ಚಕ್ರಕ್ಕ ಒಂದು ಅಂಗೈ. ಅಂಥಾವು ನಾಕು ಅಂಗೈ. ಬ್ರೇಕ್ ಹಾಕಿದ್ರ ಯಾವ ಅಂಗೈಗೆ ಭಾರ ಬಂತು, ಯಾವುದಕ್ಕ ಹಿಡಿತ ತಪ್ಪಿತು, ಕಣ್ಣು ಮುಚ್ಚಿ ತೆಗಿಯೂದ್ರಾಗ ನೂರು ಸಲ ಲೆಕ್ಕ ಮಾಡ್ತೈತಿ. ಅದಕ್ಕ ನನಗ ಖರೇ ಅಳತಿ ಬೇಕು."

ಹಳೆಯ ದೇಶಿ ಕಾರುಗಳನ್ನು ಆಟದಲ್ಲಿ ಓಡಿಸುವ ಹುಚ್ಚು ಇರುವವರು ಬಹಳ ಮಂದಿ ಇದ್ದಾರಂತೆ. ಬಿಳಿ ಕಾರನ್ನು ಒಂದು ದಿನ ಬಿಡಿ ಎಂದಳು. ಪುಕ್ಕಟೆ ಕೊಡುವ ಜಾಯಮಾನ ನನ್ನದಲ್ಲ.

"ನಮ್ಮ ಅಂಗಡಿ ಹೆಸರು ಗ್ಲಾಸ್ ಮ್ಯಾಲೆ ಬರೀಬೇಕು. ದೊಡ್ಡ ಅಕ್ಷರದಾಗ."

"ಮುಂದಿನ ಗ್ಲಾಸಿಗೆ ಬರದ್ರ ಓಡಿಸೋರಿಗೆ ರಸ್ತಾ ಕಾಣಂಗಿಲ್ಲ. ಹಿಂದ ಬರೀತೀನಿ."

"ಹಿಂದನೂ ಬರಿ, ಮುಂದ ಮ್ಯಾಲಿನ ಅಂಚಿಗೂ ಬರಿ. ಮುಂದಿನ ಅಕ್ಷರ ಸಣ್ಣದಾದ್ರೂ ನಡೀತೈತಿ."

ಖಾಜಾಸಾಬ್ ಎಂಜಿನ್ ಒಳಗಿಂದ ತಲೆ ಎತ್ತಿದ. "ಸಾಕು ಬಿಡು ಬೇಟಿ, ಒಪ್ಕಳವ್ವ. ಇಲ್ಲಾಂದ್ರ ಚಕ್ರದ ಮ್ಯಾಲೂ ಬರಿ ಅಂತಾನ."

ಜೂನ್ ಮೊದಲ ವಾರ. ಎರಡು ಒಳ್ಳೆ ಮಳೆ ಬಿದ್ದು ಸುತ್ತ ಮೆಕ್ಕೆಜೋಳದ ಬಿತ್ತನೆ ನಡೆದಿತ್ತು. ಮಂಡಿಯಲ್ಲಿ ಶೇಂಗಾ ಚೀಲ ತೂಗುವ ನಾಲ್ಕು ತಕ್ಕಡಿಗಳು ಖಾಲಿ ಬಿದ್ದಿದ್ದವು. ನನ್ನ ಮಾತಿನ ಮೇಲೆ ಅವು ಶೆಡ್ಡಿಗೆ ಬಂದವು. ಒಂದೊಂದು ಚಕ್ರದ ಕೆಳಗೆ ಒಂದೊಂದು ತಕ್ಕಡಿ. ಶಾಹೀನ್ ಗೌಂಡಿಯ ತೂಗುಗುಂಡನ್ನು ಚಕ್ರದ ನಡುವಿನಿಂದ ಇಳಿಬಿಟ್ಟು, ನೆಲಕ್ಕೆ ಸೀಮೆಸುಣ್ಣದ ಚುಕ್ಕೆ ಇಟ್ಟು, ಟೇಪು ಹಿಡಿದು ಅಳೆದಳು. ಹಳೆಯ ಟೈರೊಂದಕ್ಕೆ ಭಾರ ಕಟ್ಟಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಒಣ ಡಾಂಬರಿನ ಮೇಲೆ, ಹಸಿ ಡಾಂಬರಿನ ಮೇಲೆ, ಕೆಮ್ಮಣ್ಣು ಮೆತ್ತಿದ ಡಾಂಬರಿನ ಮೇಲೆ ಎಳೆದು ಎಷ್ಟಕ್ಕೆ ಜಾರುತ್ತದೆಂದು ಬರೆದುಕೊಂಡಳು. ಹಾದುಹೋಗುವವರು ನಿಂತು ನೋಡಿದರು. "ಕಾರು ಕಿಲೋ ಹೆಂಗ, ಕೊಟ್ರಣ್ಣ?" ಎಂದು ಒಬ್ಬ ಕೇಳಿದ.

ಸಂಜೆ ಅವಳ ಮುಖದಲ್ಲಿ ಏನೋ ಇತ್ತು. ಹಿಂದಿನ ಎಡಚಕ್ರ ತನ್ನ ಜೋಡಿ ಬಲಚಕ್ರಕ್ಕಿಂತ ನಲವತ್ತು ಕಿಲೋ ಹಗುರ. ಒಂದು ಚೀಲ ಶೇಂಗಾದಷ್ಟು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರ ಬಲಗಡೆಗಿಂತ ಎಡಗಡೆ ಎರಡು ಬೆರಳು ಕಡಿಮೆ.

"ತಕ್ಕಡಿ ತಪ್ಪಿರಬೇಕು" ಎಂದೆ.

"ನಾಕೂ ಅದಲುಬದಲು ಮಾಡಿ ತೂಗೀನಿ ಕಾಕಾ. ಚಕ್ರ ಹಗುರ ಐತಿ. ತಕ್ಕಡಿ ಬರೋಬ್ಬರಿ ಐತಿ."

ಮರುವಾರ ಆಟ ಸಿದ್ಧವಾಯಿತು. ಮೇಜಿಗೆ ಬಿಗಿದ ಸ್ಟೇರಿಂಗು, ಕೆಳಗೆ ಪೆಡಲುಗಳು, ಎದುರಿಗೆ ಮೂರು ಪರದೆ. ಪರೀಕ್ಷೆಗೆಂದು ನಮ್ಮ ಕೂಡ್ಲಿಗಿ ರಸ್ತೆಯ ಒಂದು ತುಂಡನ್ನೇ ಮಾಡಿದ್ದಳು: ಎರಡು ಕಡೆ ಹೊಲ, ಒಂದು ಬಲತಿರುವು, ಒಂದು ಎಡತಿರುವು, ಎಡತಿರುವಿನಲ್ಲಿ ಟ್ರ್ಯಾಕ್ಟರ್ ಹೊಲದಿಂದ ತಂದು ಉದುರಿಸಿದ ಕೆಸರು. ಕೂತೆ. ಮೊದಲು ಬೈಯುವ ಮನಸ್ಸಿನಲ್ಲಿದ್ದೆ, ಒಂದು ಮೈಲಿ ಹೋಗುವುದರೊಳಗೆ ಬಾಯಿ ಮುಚ್ಚಿತು. ಗಿಯರು ಇಳಿಸಿದರೆ ಮೂತಿ ಬಗ್ಗುವುದು, ಉಬ್ಬಿನ ಮೇಲೆ ಸ್ಟೇರಿಂಗು ಹಗುರಾಗುವುದು, ಎಲ್ಲ ಬಿಳಿ ಕಾರೇ. ನೆಟ್ಟಗೆ ಓಡಿತು. ಬಲತಿರುವು ಲೀಲಾಜಾಲ. ಎಡತಿರುವಿಗೆ ಬಂದು ಬ್ರೇಕ್ ಮುಟ್ಟಿದೆ. ಹಿಂಭಾಗ ಸರ್ರನೆ ಹೊರಗೆ ಹೋಗಿ, ಹೊಲ, ಆಕಾಶ, ಬಂದ ದಾರಿ ಎಲ್ಲ ಪರದೆಯ ಮೇಲೆ ಸುತ್ತಿ ನಿಂತವು.

"ಹಿಂದಿನಿಂದ ಯಾರೋ ಎಳದಂಗಾತಲ್ಲ" ಎಂದೆ.

"ಆ ಹಗುರ ಚಕ್ರ ಕಾಕಾ. ಬ್ರೇಕ್ ಹಾಕಿದ ಕೂಡ್ಲೆ ನಿಂತುಬಿಡ್ತೈತಿ, ಜಾರತೈತಿ. ಒಣ ರಸ್ತಾದಾಗ ಗೊತ್ತಾಗಂಗಿಲ್ಲ. ಗಾಡಿ ತಳ ಒಂದ್ಸಲ ನೋಡೋಣೇನು?"

ನಾನು ತಳ ನೋಡಲಿಲ್ಲ, ಗುರುಬಸಣ್ಣನಿಗೆ ಫೋನ್ ಮಾಡಿದೆ. ಅವನು ಕೆಮ್ಮು ಬರುವವರೆಗೆ ನಕ್ಕ. "ಲೇ, ರೋಡ್ ಮೇಲೆ ನೆಟ್ಟಗೆ ಹೋಗ್ತೈತಾ ಇಲ್ಲಾ ಹೇಳು. ಶೇಂಗಾ ತೂಗೋದ್ರಾಗೆ ಕಾರು ತೂಗಿ, ಹುಡುಗ್ರು ಆಡೋ ಆಟದಾಗೆ ಓಡ್ಸಿ, ನನಗೆ ಕಂಪ್ಲೇಂಟ್ ಹೇಳ್ತೀಯಲ್ಲಲೇ. ಮಂದಿ ಕೇಳಿದ್ರೆ ನಗ್ತಾರೆ."

ಆ ನಗು ನನಗೆ ಬೇಕಾಗಿತ್ತು. ಶೆಡ್ಡಿಗೆ ತಿರುಗಿ ಬಂದು, ಜೀವನದಲ್ಲಿ ನನಗೆ ಬರುವ ಒಂದೇ ವಿದ್ಯೆಯನ್ನು ಉಪಯೋಗಿಸಿದೆ. ಚೌಕಾಸಿಗೆ ಇಳಿದೆ.

"ಎರಡು ಬೆರಳಿಂದು ಏನು ಹಿಡಕಂಡು ಕುಂತೀಯವ್ವ. ಎರಡೂ ಕಡೆ ಒಂದ ಅಳತಿ ಹಾಕು. ಭಾರನೂ ಅರ್ಧಕ್ಕರ್ಧ ಹಂಚು."

"ಅಳದಿದ್ದು ಹಂಗಿಲ್ಲ ಕಾಕಾ."

"ನಮ್ಮ ಅಂಗಡಿ ಹೆಸರು ಇರೋ ಗಾಡಿ ತಿರುಗಿ ಬಿದ್ರ ನನ್ನ ಮರ್ಯಾದಿ ಏನಾಗಬೇಕು? ಹೆಸರು ತೆಗಿ, ಇಲ್ಲಾ ಗಾಡಿ ಸರಿ ಮಾಡು."

ಅವಳು ಅಪ್ಪನ ಮುಖ ನೋಡಿದಳು. ಖಾಜಾಸಾಬ್ ಸ್ಪಾನರ್ ಒರೆಸುತ್ತ ಕೂತ. ಅವನ ಶೆಡ್ಡಿನ ಅರ್ಧ ಕೆಲಸ ನನ್ನಿಂದಲೇ ಬರುತ್ತಿತ್ತು. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೊನೆಗೆ ಶಾಹೀನ್ ಎರಡು ಕಾರು ಮಾಡಿದಳು. ಒಂದಕ್ಕೆ "ಅಳೆದದ್ದು" ಎಂದು ಹೆಸರಿಟ್ಟಳು, ಇನ್ನೊಂದಕ್ಕೆ "ಕಾಕಾ ಹೇಳಿದ್ದು". ಎರಡನೆಯದರಲ್ಲಿ ಅದೇ ಕೆಸರಿನ ತಿರುವನ್ನು ಆರು ಸಲ ಹಾಯ್ದೆ. ಬೆಣ್ಣೆ ಕೊಯ್ದಂತೆ ಹೋಯಿತು. ಮನೆಗೆ ಬಂದು ಗಿರಿಜಾಗೆ ಹೇಳಿದೆ: "ಕಂಪ್ಯೂಟರಿನಾಗ ಪರೀಕ್ಷೆ ಮಾಡಿಸೀನಿ. ಮಳಿಯಾಗೂ ಏನೂ ಆಗಂಗಿಲ್ಲ, ಧೈರ್ಯಾಗಿ ಹೋಗು."

ಮೂರು ವಾರ ಅವಳು ಧೈರ್ಯವಾಗಿ ಹೋದಳು. ಆಮೇಲೆ ಒಂದು ಬೆಳಿಗ್ಗೆ, ಹಿಂದಿನ ದಿನದಿಂದ ಜಿಟಿಜಿಟಿ ಹಿಡಿದಿದ್ದ ಮಳೆಯಲ್ಲಿ, ಬಸ್ಸಿನ ಕಂಡಕ್ಟರ್ ಒಬ್ಬರು ಅವಳ ಫೋನಿನಿಂದಲೇ ನನಗೆ ಕರೆ ಮಾಡಿದರು. ಬೈಕಿನಲ್ಲಿ ಹೋದೆ. ಕಾರು ಮೊಣಕಾಲೆತ್ತರದ ಮೆಕ್ಕೆಜೋಳದೊಳಗೆ ನಿಂತಿತ್ತು, ಮೂತಿ ಕೊಟ್ಟೂರಿನ ಕಡೆಗೆ, ಬಂದ ದಾರಿಯ ಕಡೆಗೆ. ಗಿರಿಜಾ ಬದುವಿನ ಮೇಲೆ ಕೂತಿದ್ದಳು. ಬಲಗೈಯನ್ನು ಎಡಗೈ ಹಿಡಿದುಕೊಂಡಿತ್ತು. ಮಡಿಲಲ್ಲಿ ಮಕ್ಕಳ ಕಾಪಿ ಪುಸ್ತಕಗಳು ತೊಯ್ದಿದ್ದವು. ಮಣಿಕಟ್ಟು ಮುರಿದಿತ್ತು, ಅಷ್ಟಕ್ಕೇ ಹೋಯಿತು. ತಿರುವಿನ ಆಚೆಯಿಂದ ಬರುತ್ತಿದ್ದ ಬಸ್ಸು ಅರ್ಧ ನಿಮಿಷ ಮೊದಲು ಬಂದಿದ್ದರೆ ಎಂದು ಕಂಡಕ್ಟರ್ ಹೇಳಲು ಶುರುಮಾಡಿ ನಿಲ್ಲಿಸಿದರು.

"ಜೋರಿರಲಿಲ್ಲರಿ" ಎಂದಳು ಗಿರಿಜಾ. "ಬ್ರೇಕ್ ಮುಟ್ಟಿದೆ ಅಷ್ಟ. ಹಿಂದಿನಿಂದ ಯಾರೋ ಎಳದಂಗಾತು."

ನಾನೇ ಆಡಿದ್ದ ಮಾತು. ಶೆಡ್ಡಿನಲ್ಲಿ, ಪರದೆಯ ಮುಂದೆ, ಮರದ ಕುರ್ಚಿಯ ಮೇಲೆ ಕೂತು.

ಅವತ್ತು ಮಧ್ಯಾಹ್ನ ಖಾಜಾಸಾಬ್ ಕಾರನ್ನು ಎತ್ತಿ ನಿಲ್ಲಿಸಿ ತಳದ ಕರಿಬಣ್ಣ ಕೆರೆದ. ಒಂದು ಗೇಣು ಕೆರೆಯುವುದರೊಳಗೆ ವೆಲ್ಡಿಂಗಿನ ಗೆರೆ ಕಂಡಿತು. ಎಡಗಡೆ ಯಾವುದೋ ದೊಡ್ಡ ಪೆಟ್ಟು ತಿಂದ ಗಾಡಿ. ಕತ್ತರಿಸಿ ಸೇರಿಸಿದ್ದರು, ಸೇರಿಸುವಾಗ ಎರಡು ಬೆರಳು ತಿಂದಿದ್ದರು. ಶಾಹೀನ್ ಪಕ್ಕದಲ್ಲಿ ನಿಂತಿದ್ದಳು. ಟೇಪು ಹಿಡಿದು ಆ ಗೆರೆಯನ್ನೂ ಅಳೆದು ಬರೆದುಕೊಂಡಳು. ನಾನು ಹೇಳಿದ್ದೆನಲ್ಲ ಎಂದಿದ್ದರೆ ಚೆನ್ನಾಗಿತ್ತು.

ಹರಪನಹಳ್ಳಿಗೆ ಹೋದೆ. ಗುರುಬಸಣ್ಣ ನನ್ನನ್ನು ನೋಡಿ ಎದ್ದ, ಕುರ್ಚಿ ಸರಿಸಿದ, ಗಿರಿಜಾ ಹೇಗಿದ್ದಾಳೆಂದು ಕೇಳಿದ. ನಾನು ಕೂರಲಿಲ್ಲ.

"ತಳ ಕೆರದೀನಿ ಅಣ್ಣ."

ಸರಿಸಿದ ಕುರ್ಚಿಯಲ್ಲಿ ಅವನೇ ಕೂತ. ಆಮೇಲೆ, ದರ ಇಳಿಸುವಾಗ ತರುವ ಅದೇ ದನಿಯಲ್ಲಿ ಶುರುಮಾಡಿದ. "ನಿಂಗೆ ಗೊತ್ತಾಗಿರ್ತೈತೆ ಅನ್ಕಂಡಿದ್ದೆ ಕಣಪ್ಪ. ಅರವತ್ತೈದು ಸಾವಿರ ಸುಮ್ನೆ ಯಾರಾದ್ರೂ ಬಿಡ್ತಾರಾ? ನಾ ಕಲ್ಸಿದ ಹುಡುಗ ನೀನು. ಒಂದು ತಿಂಗ್ಳು ಇಟ್ಕಂಡು ಮುಂದೆ ದಾಟಿಸ್ತೀಯ ಅನ್ಕಂಡೆ."

"ಗಿರಿಜಾ ಓಡಿಸ್ತಾಳ ಅಂತ ನಿನ್ನ ಮನಿಯಾಗ ಊಟಕ್ಕ ಕುಂತು ಹೇಳಿದ್ದೆ."

"ಎಲ್ರೂ ಹಂಗೇ ಅಂತಾರಲ್ಲೋ, ಮನೆಗೆ ಬೇಕು ಅಂತ. ನೀನೂ ನಾನೂ ಎಷ್ಟು ಕಡೆ ಅಂದೀವಿ, ರೇಟ್ ಇಳಿಸಾಕೆ?"

ಅದು ನಿಜ. ಕಾರನ್ನು ಅದೇ ಬೆಲೆಗೆ ವಾಪಸ್ ತಗೊಳ್ಳುತ್ತೇನೆ, ಸರಿಮಾಡಿಸಿ ಹಡಗಲಿ ಕಡೆ ಸಾಗಿಸುತ್ತೇನೆ ಎಂದ. ನಾದಿನಿಗೆ ಆದದ್ದು ಹಡಗಲಿಯ ಇನ್ಯಾರಿಗೋ ಆಗಲಿ ಎಂಬುದು ಅವನ ಪರಿಹಾರ. ಅತ್ತಿಗೆ ಚಹಾ ತಂದಿಟ್ಟು, ತಂಗಿಯ ಕೈ ಹೇಗಿದೆ ಎಂದು ನೆಲ ನೋಡುತ್ತ ಕೇಳಿದಳು. ಚಹಾ ಮುಟ್ಟದೆ ಬಂದೆ. ಆ ಮನೆಯ ಮೆಟ್ಟಿಲು ಮತ್ತೆ ಹತ್ತಿಲ್ಲ.

ಮೋಸದ ಕಥೆ ಇಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಎರಡು ವಾರದ ಮೇಲೆ ಗಿರಿಜಾ, ಕೈಗೆ ಪ್ಲಾಸ್ಟರ್ ಹಾಕಿಕೊಂಡೇ, ಶಾಹೀನಳ ಆಟ ನೋಡಬೇಕು ಎಂದಳು. ಬೇಡ ಎನ್ನಲು ಕಾರಣ ಸಿಗಲಿಲ್ಲ. ಶೆಡ್ಡಿನಲ್ಲಿ ಅವಳು ಆ ಮರದ ಕುರ್ಚಿಯ ಮೇಲೆ ಕೂತು, ಎಡಗೈಯೊಂದರಿಂದ ಸ್ಟೇರಿಂಗು ಹಿಡಿದಳು. ಶಾಹೀನ್ ಸಣ್ಣವಳಿದ್ದಾಗ ಗಿರಿಜಾಳ ತರಗತಿಯಲ್ಲಿ ಕೂತವಳು. ಟೀಚರಿಗೆ ಸುಳ್ಳು ಹೇಳುವುದು ಅವಳಿಂದಾಗದು. "ಅಳೆದದ್ದು" ಎಂಬ ಕಾರನ್ನೇ ಹಾಕಿದಳು.

ಗಿರಿಜಾ ಮೆಲ್ಲಗೆ ಹೋದಳು. ತಿರುವಿಗೆ ಬಂದಳು, ಬ್ರೇಕ್ ಮುಟ್ಟಿದಳು. ಪರದೆಯ ಮೇಲೆ ಹೊಲ ಸುತ್ತಿತು, ಕಾರು ಕೊಟ್ಟೂರಿನ ಕಡೆ ಮುಖ ಮಾಡಿ ನಿಂತಿತು. ಅವಳು ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹಿಂಗ ಆತು. ಇದ ಆತು" ಎಂದಳು. ಆಮೇಲೆ ಕೇಳಿದಳು, "ಆ್ಯಕ್ಸಿಡೆಂಟ್ ಆದ ಮ್ಯಾಲೆ ಮಾಡಿದ್ದೇನವ್ವ ಇದು?"

ಶಾಹೀನ್ ನನ್ನ ಕಡೆ ನೋಡಿದಳು. ನಾನು ಬಾಗಿಲ ಕಡೆ ನೋಡಿದೆ.

"ಮೂರು ವಾರ ಮೊದಲ, ಟೀಚರ್."

"ಇವರು ನೋಡಿದ್ರಾ?"

"ಕಾಕಾನೇ ಮೊದಲ ಓಡಿಸಿದ್ರು."

ಮನೆಗೆ ಆಟೊದಲ್ಲಿ ಬಂದೆವು. ಇಳಿಯುವ ಮೊದಲು ಗಿರಿಜಾ, ಬೈಯುವ ದನಿಯಲ್ಲಲ್ಲ, ಮಕ್ಕಳ ಲೆಕ್ಕ ತಿದ್ದುವಾಗಿನ ದನಿಯಲ್ಲಿ ಹೇಳಿದಳು: "ಭಾವ ಸುಳ್ಳು ಹೇಳಿದ್ದು ನಿಮಗರಿ. ನನಗ ಹೇಳಿದೋರು ನೀವು."

ಬಿಳಿ ಕಾರನ್ನು ಮಾರಲಿಲ್ಲ. ಖಾಜಾಸಾಬನ ಶೆಡ್ಡಿನಲ್ಲೇ ನಿಂತು ತುಂಡು ಮಾಡಿಸಿದೆ; ಎಂಜಿನ್ನಿಗೆ ಒಂದಿಷ್ಟು ಬಂತು, ಉಳಿದದ್ದು ಗುಜರಿಗೆ. ಶಾಹೀನ್ "ಕಾಕಾ ಹೇಳಿದ್ದು" ಅಳಿಸಿಹಾಕಿದಳು, ನಾನೇ ಹೇಳಿದೆ. "ಅಳೆದದ್ದು" ಮಾತ್ರ ಇನ್ನೂ ಓಡುತ್ತಿದೆ. ಎಲ್ಲೆಲ್ಲಿಯವರೋ ಅದನ್ನು ತಗೊಂಡು, ಎಡತಿರುವಿನಲ್ಲಿ ಹುಷಾರು ಎಂದು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರಂತೆ. ಆ ಕಾರಿನ ಹಿಂದಿನ ಗ್ಲಾಸಿನ ಮೇಲೆ ನನ್ನ ಅಂಗಡಿಯ ಹೆಸರು ಹಾಗೇ ಇದೆ. ತೆಗೆಯಲೇ ಎಂದು ಕೇಳಿದ್ದಳು. ಬೇಡ ಎಂದೆ.

ಹಳೆಯ ಕಾರು ಕೊಳ್ಳುವವರಿಗೆ ನನ್ನ ಮಾತು ಇಷ್ಟು. ಮೇಲಿನ ಹೊಳಪು ಬಿಡಿ, ಬಗ್ಗಿ ವಾಸನೆ ನೋಡಿ. ಕರಿಬಣ್ಣ ಹೊಸದಾಗಿದ್ದರೆ ಒಂದು ಗೇಣು ಕೆರೆಯಲು ಒಪ್ಪಿಗೆ ಕೇಳಿ, ಒಪ್ಪದಿದ್ದರೆ ಚಹಾ ಕುಡಿದು ಎದ್ದುಬನ್ನಿ. ಒಂದು ದಾರ, ಒಂದು ತೂಗುಗುಂಡು, ಒಂದು ತುಂಡು ಸೀಮೆಸುಣ್ಣ ಸಾಕು, ಎಡಬಲದ ಅಳತೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಸಾಧ್ಯವಾದರೆ ನಾಲ್ಕು ಚಕ್ರವನ್ನೂ ಬೇರೆ ಬೇರೆ ತೂಗಿಸಿ. ಒಣ ರಸ್ತೆಯಲ್ಲಿ ನೆಟ್ಟಗೆ ಓಡಿತೆಂದು ನಂಬಬೇಡಿ. ಕೊಡುವವರು ನೆಂಟರಾಗಿದ್ದರೆ ಇದೆಲ್ಲವನ್ನೂ ಎರಡು ಸಲ ಮಾಡಿ, ಮಾನ ಹೋದರೆ ಹೋಗಲಿ. ಬೆಲೆಯಲ್ಲಿ ಎಷ್ಟು ಬೇಕಾದರೂ ಜಗ್ಗಾಡಿ, ಅಳತೆಯಲ್ಲಿ ಜಗ್ಗಾಡಬೇಡಿ. ತೂಗಿದ ಅಂಕಿ ಏನೇ ಬರಲಿ, ಅದನ್ನು ಸ್ಟೇರಿಂಗು ಹಿಡಿಯುವವರಿಗೆ ಅವತ್ತೇ ಹೇಳಿ.

ಗಿರಿಜಾ ಈಗ ಬೇರೆ ಕಾರು ಓಡಿಸುತ್ತಾಳೆ. ನಾನು ಅಂಗಳದಿಂದ ಯಾವ ಗಾಡಿಯ ಕೀಲಿ ಕೊಟ್ಟರೂ, "ತೂಗಿಸೀರೇನ್ರಿ?" ಎಂದು ಕೇಳಿಯೇ ಕೈ ಚಾಚುತ್ತಾಳೆ. ತೂಗಿಸಿದ್ದೇನೆ ಎಂಬ ನನ್ನ ಬಾಯಿಮಾತು ನಡೆಯುವುದಿಲ್ಲ, ಶಾಹೀನ್ ಬರೆದ ಚೀಟಿ ತೋರಿಸಬೇಕು. ನೀವೂ ಚೀಟಿ ಬರೆಸಿಕೊಳ್ಳಿ. ಜೋಪಾನವಾಗಿ ಇಟ್ಟುಕೊಳ್ಳಿ.